ಆದಿಯಲ್ಲಿ ಎಂಟ್ರೊಪಿ ಕಡಿಮೆ ಇದ್ದದ್ದು ಹೇಗೆ, ಸಾರ್?

ಉಪನ್ಯಾಸ ಮುಗಿಸಿ ಮೈಕ್ ಕೆಳಗಿಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿಯ ಕೈ ಏಳುತ್ತದೆ. "ಸಾರ್, ಮಹಾಸ್ಫೋಟದ ಕಾಲಕ್ಕೆ ವಿಶ್ವವೆಲ್ಲ ಒಂದೇ ಸಮ ಹರಡಿದ್ದ ಬಿಸಿ ಅನಿಲ ಅಂತೀರಿ. ಎಲ್ಲ ಸಮ ಹರಡಿಬಿಟ್ಟರೆ ಎಂಟ್ರೊಪಿ ಗರಿಷ್ಠ ಅಂತಲೂ ಹೇಳ್ತೀರಿ. ಮತ್ತೆ ಆಗ ಅದು ಕಡಿಮೆ ಇತ್ತು ಅನ್ನೋದು ಹೇಗೆ?"

ಪ್ರಶ್ನೆಯಲ್ಲಿ ತಪ್ಪಿಲ್ಲ. ಎಂಟ್ರೊಪಿ ಅಂದರೆ, ಹೊರಗಿನಿಂದ ಒಂದೇ ಥರ ಕಾಣುವಂತೆ ಕಣಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬುದರ ಅಳತೆ; ಒಟ್ಟಾರೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ ಎಂಬುದು ನಿಯಮ. ಊದುಬತ್ತಿಯ ಹೊಗೆ ಮನೆಯೆಲ್ಲ ಹರಡುತ್ತದೆ, ಮರಳಿ ಕಡ್ಡಿಯ ತುದಿಗೆ ಬಂದು ಸೇರುವುದಿಲ್ಲ. ಖಗೋಳವಿಜ್ಞಾನಿ ಎಡಿಂಗ್ಟನ್ 'ಕಾಲದ ಬಾಣ' ಎಂದದ್ದು ಈ ಒಮ್ಮುಖ ಓಟವನ್ನೇ. ಆದಿವಿಶ್ವ ಸಮವಾಗಿ ಹರಡಿತ್ತು ಎಂಬುದೂ ನಿಜ. ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಕ್ಕೆ ಹೊರಟ ಬೆಳಕು ಇವತ್ತು 2.7 ಕೆಲ್ವಿನ್‌ನಷ್ಟು ತಣ್ಣಗಾಗಿ ನಮ್ಮನ್ನು ಮುಟ್ಟುತ್ತಿದೆ. ನಮ್ಮದೇ ಚಲನೆಯ ಪರಿಣಾಮ ಕಳೆದರೆ, ಆಕಾಶದ ಯಾವ ಮೂಲೆಯಲ್ಲಿ ಅಳೆದರೂ ಲಕ್ಷಕ್ಕೆ ಒಂದು ಪಾಲಿನಷ್ಟೇ ಹೆಚ್ಚುಕಮ್ಮಿ.

ಬಿಟ್ಟುಹೋಗಿರುವುದು ಗುರುತ್ವ. ಕಡೆದ ಮಜ್ಜಿಗೆಯನ್ನು ಒಂದೆರಡು ಗಂಟೆ ಅಲುಗಾಡಿಸದೆ ಬಿಡಿ. ಮೇಲೆ ತಿಳಿನೀರು, ತಳದಲ್ಲಿ ಗಟ್ಟಿ. ಬೆರೆತದ್ದು ತಾನಾಗಿ ಬೇರೆಯಾಯಿತು! ಹಾಗಂತ ಎಂಟ್ರೊಪಿಯ ನಿಯಮವೇನೂ ಮುರಿಯಲಿಲ್ಲ: ಕಣಗಳು ಕೆಳಗಿಳಿಯುವಾಗ ಕಳೆದುಕೊಂಡ ಶಕ್ತಿ ಶಾಖವಾಗಿ ಹರಡಿತು, ಒಟ್ಟು ಎಂಟ್ರೊಪಿ ಏರಿತು. ಪಾತ್ರೆಯಲ್ಲಿ ಎಳೆಯುವುದು ಭೂಮಿ. ವಿಶ್ವದಲ್ಲಿ ಅನಿಲ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಅಲ್ಲಿ ಮುದ್ದೆಗಟ್ಟುವುದೇ ಸಹಜ, ಸಮವಾಗಿ ಹರಡಿರುವುದೇ ಅಪರೂಪ, ಅಂದರೆ ಕಡಿಮೆ ಎಂಟ್ರೊಪಿ.

ಎಷ್ಟು ಅಪರೂಪ? ಕಾಣುವ ವಿಶ್ವದಲ್ಲಿರುವ ಆ ಹಳೆಯ ಬೆಳಕಿನ ಒಟ್ಟು ಎಂಟ್ರೊಪಿ, ಬೋಲ್ಟ್ಸ್‌ಮನ್ ಸ್ಥಿರಾಂಕವನ್ನೇ ಅಳತೆಗೋಲಾಗಿ ಹಿಡಿದರೆ, 10ರ 89ನೇ ಘಾತದ ಆಸುಪಾಸು. ನಮ್ಮ ಕ್ಷೀರಪಥದ ನಡುವೆ ಕೂತಿರುವ, 40 ಲಕ್ಷ ಸೂರ್ಯರಷ್ಟು ತೂಕದ ಒಂದೇ ಒಂದು ಕಪ್ಪುಕುಳಿಯದ್ದು ಅದಕ್ಕಿಂತ ಹೆಚ್ಚು, 10ರ 90ನೇ ಘಾತವನ್ನೂ ದಾಟುತ್ತದೆ. ಈ ಲೆಕ್ಕ ಮೊದಲ ಸಲ ಹಾಕಿದ ದಿನ ನಾನು ಸೊನ್ನೆಗಳನ್ನು ಎರಡು ಬಾರಿ ಎಣಿಸಿದ್ದೆ. ಆದಿಯಲ್ಲೇ ಎಲ್ಲವೂ ಕಪ್ಪುಕುಳಿಗಳಾಗಿಬಿಡಬಹುದಿತ್ತು. ಆಗಲಿಲ್ಲ.

ಆ ಉಳಿತಾಯದಲ್ಲೇ ನಮ್ಮ ಸಂಸಾರ ನಡೆಯುತ್ತಿದೆ. ಅನಿಲ ಕುಸಿದು ಸೂರ್ಯನಾದ. ಅವನಿಂದ ಬರುವ ಒಂದು ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಬದಲಾಗಿ ಭೂಮಿ ಸುಮಾರು 20 ಸಣ್ಣ ಫೋಟಾನುಗಳನ್ನು ಕತ್ತಲೆಗೆ ಬಿಡುತ್ತದೆ. ಶಕ್ತಿ ಅಷ್ಟೇ, ಚೂರಾಗಿ ಹೋಗುತ್ತದೆ, ಅಷ್ಟೇ. ಗಿಡ ಚಿಗುರುವುದೂ ನಾವು ಮುದುಕರಾಗುವುದೂ ಈ ವ್ಯವಹಾರದ ನಡುವೆಯೇ.

"ಹಾಗಾದ್ರೆ ಮೊದಲಿಗೆ ಅಷ್ಟು ಸಮವಾಗಿ ಹರಡಿದ್ದೇಕೆ?" ಎಂದು ಅದೇ ಹುಡುಗಿ ಮತ್ತೆ ಕೇಳುತ್ತಾಳೆ. ಕ್ಷಣದ ಅತಿಸಣ್ಣ ಪಾಲಿನಲ್ಲಿ ಆದ ಉಬ್ಬರ (ವಿಶ್ವ ಒಮ್ಮೆಲೇ ಹಿಗ್ಗಿದ್ದು, 'ಇನ್‌ಫ್ಲೇಷನ್') ಸುಕ್ಕುಗಳನ್ನೆಲ್ಲ ನೀವಿ ಹಾಕಿತು ಎನ್ನುವವರಿದ್ದಾರೆ. ಉಬ್ಬರ ಶುರುವಾಗಲಿಕ್ಕೇ ಇನ್ನೂ ಕಡಿಮೆ ಎಂಟ್ರೊಪಿ ಬೇಕಲ್ಲ ಎಂಬುದು ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ತಕರಾರು. ನನಗೆ ತಕರಾರೇ ಗಟ್ಟಿ ಅನಿಸುತ್ತದೆ.