ವ್ಯಾನಿಗೆ ಗ್ಯಾಸ್ ಹೀಟರ್ ನಾವೇ ಕೂರಿಸಬಹುದಾ?

ಇಲ್ಲಿ ಜರ್ಮನಿಯಲ್ಲಿ ಹಳೇ ವ್ಯಾನ್ ಕೊಂಡು ಅದರಲ್ಲೇ ಮಲಗಿ ಊರು ಸುತ್ತುವ ಕ್ಯಾಂಪರ್ ಮಾಡಿಕೊಳ್ಳುವ ಕನ್ನಡದ ಗೆಳೆಯರು ಚಳಿ ಶುರುವಾಗುತ್ತಿದ್ದ ಹಾಗೆ ನನ್ನನ್ನು ಕೇಳುವುದು ಇದೊಂದೇ: "ಗ್ಯಾಸ್ ಹೀಟರ್ ನಾವೇ ಹಾಕಿಕೊಳ್ಳಬಹುದಾ?" ಮುಕ್ಕಾಲು ಕೆಲಸ ನೀವೇ ಮಾಡಿ. ಗ್ಯಾಸ್ ಪೈಪ್ ಜೋಡಿಸುವುದನ್ನು ಮಾತ್ರ ಬಲ್ಲವರಿಗೆ ಬಿಡಿ.

ಮೊದಲು ಯಾವ ಹೀಟರ್ ಅನ್ನೋದು. ಸಿಲಿಂಡರ್ ತಲೆಗೇ ಸಿಕ್ಕಿಸಿ ಹಚ್ಚುವ ಅಗ್ಗದ ಹೀಟರ್ ಬೇಡವೇ ಬೇಡ. ಅದು ವ್ಯಾನಿನೊಳಗಿನ ಗಾಳಿಯನ್ನೇ ತಿಂದು, ಹೊಗೆಯನ್ನು ಅಲ್ಲೇ ಬಿಡುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಅದೆಲ್ಲ ಹೋಗಿ ಕೂರುವುದು ಕಿಟಕಿ ಮೇಲೆ, ಹಾಸಿಗೆ ಮೇಲೆ. ನೀರಾದರೂ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಮೊನಾಕ್ಸೈಡ್ ಕಾಣುವುದೂ ಇಲ್ಲ, ವಾಸನೆಯೂ ಬರುವುದಿಲ್ಲ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನಿಂದ ಜನ ಸತ್ತ ಸುದ್ದಿ ಓದಿರುತ್ತೀರಿ ಅಲ್ವಾ? ಅದೇ ವಿಷ ಇದು. ವ್ಯಾನಿನಲ್ಲಂತೂ ನಾವು ರಾತ್ರಿಯಿಡೀ ಮಲಗಿರುತ್ತೇವೆ.

ಹಾಗಾಗಿ ಹೊರಗಿನ ಗಾಳಿ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುವ ಹೀಟರೇ ಬೇಕು. ಟ್ರೂಮಾ, ಪ್ರೊಪೆಕ್ಸ್ ಕಂಪನಿಯವು ಈ ಬಗೆಯವು. ಸಣ್ಣ ವ್ಯಾನಿಗೆ 2 ಕಿಲೋವ್ಯಾಟ್ ಧಾರಾಳ. ಪೂರ್ತಿ ಉರಿಸಿದರೂ ಗಂಟೆಗೆ ಸುಮಾರು 150 ಗ್ರಾಂ ಗ್ಯಾಸ್ ಸಾಕು.

ನಿಮ್ಮ ಪಾಲಿನ ದೊಡ್ಡ ಕೆಲಸ ನೆಲಕ್ಕೆ ತೂತು ಕೊರೆಯುವುದು. ಆತುರ ಬೇಡ. ವ್ಯಾನಿನ ಕೆಳಗೆ ಮಲಗಿ ನೋಡಿ: ಡೀಸೆಲ್ ಟ್ಯಾಂಕ್ ಎಲ್ಲಿದೆ, ಬ್ರೇಕ್ ಪೈಪ್ ಎಲ್ಲಿ ಹಾದಿದೆ, ಚಾಸಿ ಎಲ್ಲಿ ಅಡ್ಡ ಬರುತ್ತದೆ. ಮೊದಲು ಸಣ್ಣ ಬಿಟ್‌ನಲ್ಲಿ ಒಂದು ತೂತು ಹಾಕಿ, ಮತ್ತೆ ಕೆಳಗಿಳಿದು ಅದು ಎಲ್ಲಿ ಬಂತೆಂದು ನೋಡಿ. ಆಮೇಲೆ ದೊಡ್ಡದು. ತಗಡಿನ ಅಂಚನ್ನು ಅರದಿಂದ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಬಳಿದು, ಒಣಗಿದ ಮೇಲೆಯೇ ಸೀಲಂಟ್ ಹಾಕಿ. ಹೊಗೆ ಪೈಪಿಗೆ ಒಳಗಡೆ ಎಲ್ಲೂ ಜಾಯಿಂಟ್ ಇರಬಾರದು. ಅದರ ಬಾಯಿ ವ್ಯಾನಿನ ಹೊಟ್ಟೆಯ ಕೆಳಗೆ ನಿಲ್ಲಬಾರದು, ಅಂಚಿನವರೆಗೂ ಬರಬೇಕು, ತೆರೆಯುವ ಕಿಟಕಿಯಿಂದ ದೂರ ಇರಬೇಕು. ಹಿಮ ಬಿದ್ದ ಬೆಳಿಗ್ಗೆ ಹೀಟರ್ ಹಚ್ಚುವ ಮೊದಲು ಆ ಬಾಯಿ ಮುಚ್ಚಿದೆಯಾ ಅಂತ ಇಳಿದು ನೋಡಲೇಬೇಕು.

ಬಿಸಿಗಾಳಿಯ ಪೈಪು, 12 ವೋಲ್ಟ್ ವೈರಿಂಗ್, ಫ್ಯೂಸು, ಇವೆಲ್ಲ ಸುಲಭ. ಕೈಪಿಡಿ ನೋಡಿಕೊಂಡು ಮಾಡಿದರಾಯಿತು.

ಇನ್ನು ಗ್ಯಾಸ್. ಎಲ್‌ಪಿಜಿ (ಪ್ರೊಪೇನ್, ಬ್ಯೂಟೇನ್ ಎರಡೂ ಇದೇ) ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆ ಒಳಗಡೆಗೆ ಪೂರ್ತಿ ಮುಚ್ಚಿರಬೇಕು, ತಳದಲ್ಲಿ ಮಾತ್ರ ಹೊರಕ್ಕೆ ತೂತು. ಈಗಿನ ಹೀಟರುಗಳಿಗೆ 30 ಮಿಲಿಬಾರ್ ಒತ್ತಡ ಬೇಕು. ಇಲ್ಲಿನ ಹಳೇ ವ್ಯಾನುಗಳಲ್ಲಿ 50ರ ರೆಗ್ಯುಲೇಟರ್ ಇರಬಹುದು, ಹಾಗೇ ಸಿಕ್ಕಿಸುವಂತಿಲ್ಲ. ಚಳಿಗಾಲಕ್ಕೆ ಪ್ರೊಪೇನೇ ಆಗಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬರುತ್ತಿದ್ದಂತೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ಜೋಡಣೆ ಮುಗಿದ ಮೇಲೆ ಸೋಪಿನ ನೀರು ಹಚ್ಚಿ ನೋಡುತ್ತೇವೆ ಅನ್ನುತ್ತಾರೆ ಕೆಲವರು. ಅದು ದೊಡ್ಡ ಸೋರಿಕೆಗೆ ಸರಿ. ಗ್ಯಾಸ್ ತಪಾಸಣೆ ಮಾಡುವ ಪರೀಕ್ಷಕರು ಇಡೀ ಪೈಪಿಗೆ 150 ಮಿಲಿಬಾರ್ ಒತ್ತಡದಲ್ಲಿ ಗಾಳಿ ತುಂಬಿಸಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತದಾ ಅಂತ ನಿಮಿಷಗಟ್ಟಲೆ ಕಾಯುತ್ತಾರೆ. ಸಂದಿಯಲ್ಲಿ ಅಡಗಿರುವ ಸಣ್ಣ ಸೋರಿಕೆ ಸಿಕ್ಕಿಬೀಳುವುದು ಆಗಲೇ. ಜಿ 607 ಅನ್ನುವ ಈ ತಪಾಸಣೆ ಎರಡು ವರ್ಷಕ್ಕೊಮ್ಮೆ ಆಗಬೇಕು. 2025ರ ಜೂನ್‌ನಿಂದ ಇಲ್ಲಿ ಇದು ಕಡ್ಡಾಯ. ಪಾಸಾದರೆ ಹಳದಿ ಪುಸ್ತಕದಲ್ಲಿ ಬರೆದುಕೊಡುತ್ತಾರೆ. ತೂತು ಕೊರೆಯುವ ಮೊದಲೇ ಆ ಪರೀಕ್ಷಕರಿಗೆ ನಿಮ್ಮ ಪ್ಲ್ಯಾನ್ ತೋರಿಸಿ. ಆಮೇಲೆ ಕಿತ್ತು ಮತ್ತೆ ಹಾಕುವ ಕೆಲಸ ತಪ್ಪುತ್ತದೆ.

ಎರಡು ಅಲಾರಂ ಬೇಕೇ ಬೇಕು. ಗ್ಯಾಸಿನದು ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡಿನದು ನೀವು ಮಲಗುವ ಕಡೆ. ಮೊದಲ ಸಲ ಹಚ್ಚಿದಾಗ ಹೊಸ ಹೀಟರ್ ಸ್ವಲ್ಪ ಸುಟ್ಟ ವಾಸನೆ ಬಿಡುತ್ತದೆ. ಹಗಲು ಹೊತ್ತಿನಲ್ಲಿ, ಬಾಗಿಲು ತೆಗೆದಿಟ್ಟು ಜೋರಾಗಿ ಉರಿಸಿ ಆ ವಾಸನೆ ಕಳೆಯಿರಿ. ರಾತ್ರಿ ಮಲಗುವುದು ಅದಾದ ಮೇಲೆ.