ಬೆಕ್ಕು ತಲೆಕೆಳಗಾದ ಪೀರಿಯಡ್

ಪ್ರೈಮರಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವಾಗ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಮಗುವಿನ ಕೈಯಿಂದ ಮೌಸ್ ಕಿತ್ತುಕೊಳ್ಳಬಾರದು. ಕೇಳೋದಕ್ಕೆ ಸುಲಭ. ಆದರೆ ಪಕ್ಕದಲ್ಲಿ ನಿಂತಾಗ, ಎಲ್ಲಿ ತಪ್ಪಿದೆ ಅಂತ ನಮಗೆ ಕಾಣಿಸುತ್ತಿರುತ್ತದೆ, ಮಗು ಇನ್ನೆಲ್ಲೋ ಹುಡುಕುತ್ತಿರುತ್ತದೆ. ಕೈ ತುರಿಸುತ್ತದೆ. ನಾನಂತೂ ಕೈ ಹಿಂದೆ ಕಟ್ಟಿಕೊಂಡೇ ಓಡಾಡುತ್ತೇನೆ.

ಅವತ್ತು ಐದನೇ ತರಗತಿಯವರ ಪೀರಿಯಡ್. ಒಂದು ಕಂಪ್ಯೂಟರ್‌ಗೆ ಇಬ್ಬರು. ಒಬ್ಬರು ಮೌಸ್ ಹಿಡಿಯಬೇಕು, ಇನ್ನೊಬ್ಬರು ಬಾಯಲ್ಲಿ ಹೇಳಬೇಕು, ಆಮೇಲೆ ಅದಲು ಬದಲು. ಮೌಸ್ ಸಿಗದವರು ಮುಖ ಊದಿಸಿಕೊಳ್ಳುತ್ತಾರೆ, ನಿಜ. ಆದರೆ ಜಾಸ್ತಿ ಯೋಚನೆ ಮಾಡುವವರು ಅವರೇ ಅನ್ನೋದು ನನ್ನ ಅನುಭವ. ಕೈಗೆ ಕೆಲಸವಿಲ್ಲ, ತಲೆ ಓಡಿಸಲೇಬೇಕು.

ನಾವು ಬಳಸುವುದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಉಚಿತ ತಂತ್ರಾಂಶ. ಪರದೆಯ ಮೇಲೆ ಒಂದು ಬೆಕ್ಕು. ಬಣ್ಣ ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಬೆಕ್ಕು ಹೇಳಿದಂತೆ ಕೇಳುತ್ತದೆ. ಹಸಿರು ಬಾವುಟ ಒತ್ತಿದರೆ ಶುರು. ಪೆನ್ ಬ್ಲಾಕ್ ಸೇರಿಸಿದರೆ ಓಡಾಡಿದ ಕಡೆಯೆಲ್ಲ ಗೆರೆ ಬೀಳುತ್ತದೆ. ಹಿಂದಿನ ಪೀರಿಯಡ್‌ನಲ್ಲಿ ಚೌಕ ಬರೆಸಿದ್ದೆವು: ಮುಂದೆ ಹೋಗು, 90 ಡಿಗ್ರಿ ತಿರುಗು, ಹೀಗೆ ನಾಲ್ಕು ಸಲ. ಎಲ್ಲರಿಗೂ ಬಂತು. ಅವತ್ತು ತ್ರಿಭುಜ.

ಮೂರೂ ಬಾಹು ಒಂದೇ ಸಮ ಇರುವ ತ್ರಿಭುಜದಲ್ಲಿ ಪ್ರತಿ ಕೋನ 60 ಡಿಗ್ರಿ. ಗಣಿತದ ಪಾಠ ಆಗಿತ್ತು, ಇಡೀ ತರಗತಿಗೆ ಗೊತ್ತಿತ್ತು. ಹಾಗಾಗಿ ಹೆಚ್ಚುಕಮ್ಮಿ ಎಲ್ಲರೂ ಬರೆದದ್ದು ಒಂದೇ: 80 ಹೆಜ್ಜೆ ಮುಂದೆ, 60 ಡಿಗ್ರಿ ತಿರುಗು, ಮೂರು ಸಲ. ಬಾವುಟ ಒತ್ತಿದರು. ಬಂದದ್ದು ಪಕ್ಕಕ್ಕೆ ವಾಲಿದ ಬಟ್ಟಲಿನಂಥ ಆಕಾರ, ಒಂದು ಕಡೆ ಬಾಯಿ ತೆರೆದಿದೆ. ಸಾಲದ್ದಕ್ಕೆ ಬೆಕ್ಕು ಬೇರೆ ತಲೆಕೆಳಗಾಗಿ ನಿಂತಿದೆ.

"ಮಿಸ್, ಕಂಪ್ಯೂಟರ್ ಕೆಟ್ಟೋಗಿದೆ!"

ಇಂಥ ಹೊತ್ತಲ್ಲಿ ನಾನು ಹೇಳೋದು ಒಂದೇ ಮಾತು: ಇನ್ನೊಂದು ಸಲ ಒತ್ತಿ ನೋಡು. ಮಕ್ಕಳು ಹಳೆಯ ಗೆರೆ ಅಳಿಸುವ ಬ್ಲಾಕ್ ಹಾಕಿರಲಿಲ್ಲ. ಬೆಕ್ಕು ನಿಂತ ಜಾಗದಿಂದಲೇ ಹೊರಟಿತು. ಮತ್ತೆ ಮೂರು ಗೆರೆ ಬಿದ್ದವು, ಬಾಯಿ ಮುಚ್ಚಿಕೊಂಡಿತು, ಬೆಕ್ಕು ನೆಟ್ಟಗಾಯಿತು. ಎಣಿಸಿದರೆ ಆರು ಬಾಹು! ತ್ರಿಭುಜ ಕೇಳಿದರೆ ಷಡ್ಭುಜ ಬಂದಿದೆ. ತರಗತಿಯೆಲ್ಲ ಗಲಗಲ.

ಗಣಿತದ ಪುಸ್ತಕದಲ್ಲಿ ಇದೇ ತಪ್ಪಾಗಿದ್ದರೆ ಕೆಂಪು ಶಾಯಿಯ ಗುಣಿಸು ಗುರುತು ಬೀಳುತ್ತಿತ್ತು, ಅಲ್ಲಿಗೆ ಮುಗಿಯಿತು. ಇಲ್ಲಿ ತಪ್ಪಿಗೂ ಒಂದು ಆಕಾರ ಇದೆ, ಅದು ಯಾಕೆ ಹೀಗಾಯಿತು ಅಂತ ಮಕ್ಕಳೇ ಕೇಳುತ್ತಾರೆ. ನನಗೆ ಈ ವಿಷಯ ಇಷ್ಟ ಆಗೋದೇ ಇದಕ್ಕೆ. ಸಿಪಿಯು ಅಂದರೇನು, ವಿಸ್ತರಿಸಿ ಬರೆಯಿರಿ ಅಂತ ಕೇಳಿ ಅಂಕ ಕೊಡುವುದು ಬೇರೆ ಕೆಲಸ. ಅದಕ್ಕೆ ಕಂಪ್ಯೂಟರ್ ಬೇಕಾಗಿಯೂ ಇಲ್ಲ.

ಉತ್ತರ ಹೇಳದೆ ಮಕ್ಕಳನ್ನು ಕುರ್ಚಿಯಿಂದ ಎಬ್ಬಿಸಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ತ್ರಿಭುಜ ಬರೆದೆ. ಇದು ನಾನು ಕಂಡುಹಿಡಿದ ಉಪಾಯ ಏನಲ್ಲ. 1967ರಲ್ಲಿ ವಾಲಿ ಫೋರ್‌ಜೈಗ್, ಸಿಂಥಿಯಾ ಸಾಲೊಮನ್, ಸೀಮೋರ್ ಪೇಪರ್ಟ್ ಸೇರಿ ಮಕ್ಕಳಿಗಾಗಿ ಲೋಗೊ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಆಮೇಲೆ ಅದಕ್ಕೆ, ಹೇಳಿದಂತೆ ನಡೆದು ಗೆರೆ ಎಳೆಯುವ ಒಂದು ಆಮೆಯೂ ಬಂತು. ಆಮೆಗೆ ದಾರಿ ತೋಚದಿದ್ದರೆ ನೀವೇ ಆಮೆಯಾಗಿ ನಡೆದು ನೋಡಿ ಅನ್ನುತ್ತಿದ್ದರು ಪೇಪರ್ಟ್. ನಮ್ಮ ಬೆಕ್ಕು ಆ ಆಮೆಯ ಮನೆತನದ್ದೇ.

ಒಬ್ಬ ಹುಡುಗ ಬೆಕ್ಕಾದ. ಅವನ ಜೋಡಿ ಹುಡುಗಿ ಹುಕುಂ ಕೊಡುವವಳು. ಅವನು ಕೈ ಮುಂದೆ ಚಾಚಿಕೊಂಡು ಗೆರೆಯ ಮೇಲೆ ನಡೆದ. ಮೂಲೆ ಬಂತು. "ಅರವತ್ತು ತಿರುಗು," ಅಂದಳು. ಅವನು ಸ್ವಲ್ಪ ತಿರುಗಿದ. ಕೈ ಗೆರೆ ಬಿಟ್ಟು ಎಲ್ಲೋ ಕಿಟಕಿ ಕಡೆ ತೋರಿಸುತ್ತಿತ್ತು. "ಇನ್ನೂ ತಿರುಗೋ... ಇನ್ನೂ..." ಅರ್ಧಕ್ಕಿಂತ ಜಾಸ್ತಿ ಹಿಂದಕ್ಕೆ ತಿರುಗಿದ ಮೇಲೇ ಕೈ ಎರಡನೇ ಗೆರೆಯ ಮೇಲೆ ಬಂದದ್ದು. ಅವಳು ಒಂದು ಕ್ಷಣ ಸುಮ್ಮನಿದ್ದಳು. "ಏ, ನೀನು ಒಳಗಡೆ ಕೋನ ತಿರುಗ್ತಾ ಇಲ್ಲ ಕಣೋ, ಹೊರಗಡೇದು ತಿರುಗ್ತಾ ಇದೀಯ!"

180ರಲ್ಲಿ 60 ಕಳೆದರೆ 120. ಓಡಿಹೋಗಿ ಹಾಕಿದರು, ತ್ರಿಭುಜ ಬಂತು. ಚೌಕದಲ್ಲಿ ಒಳಗೂ 90, ಹೊರಗೂ 90. ಅದಕ್ಕೇ ಈ ತೊಡಕು ಅಲ್ಲಿ ಕಾಣಿಸಿರಲೇ ಇಲ್ಲ.

ಅಲ್ಲಿಂದ ಮುಂದೆ ನನ್ನ ಕೆಲಸ ಕಡಿಮೆ. ಮೂರು 120, ನಾಲ್ಕು 90, ಎರಡೂ 360 ಅಂತ ಒಬ್ಬ ಕೂಡಿಸಿ ನೋಡಿದ. ಹೊರಟ ದಿಕ್ಕಿಗೇ ಮುಖ ಬರಬೇಕಾದರೆ ಒಂದು ಪೂರ್ತಿ ಸುತ್ತು ಆಗಲೇಬೇಕಲ್ಲ. ಹಾಗಾದರೆ ಐದು ಬಾಹುವಿಗೆ 72. ಏಳಕ್ಕೆ ಭಾಗಾಕಾರ ಸರಿಹೋಗಲಿಲ್ಲ, 51 ಹಾಕಿದರೆ ಸಣ್ಣ ಸಂದಿ ಉಳಿಯಿತು. ಹಸಿರು ಬಣ್ಣದ ಭಾಗಾಕಾರದ ಬ್ಲಾಕ್ ಎಳೆದು ತಂದು 360 ಭಾಗಿಸು 7 ಅಂತಲೇ ಹಾಕಿದರು, ಸಂದಿ ಮುಚ್ಚಿತು. ಹಿಂದಿನ ಸಾಲಿನವರು 36 ಸಲ, 10 ಡಿಗ್ರಿ ಕೊಟ್ಟರು. ಬೆಕ್ಕು ಪರದೆಯ ಅಂಚಿಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಹೆಜ್ಜೆಯನ್ನು 80ರಿಂದ 10ಕ್ಕೆ ಇಳಿಸಿದಾಗ ಮುದ್ದಾದ ವೃತ್ತ ಬಂತು. ಅದು ನಿಜವಾದ ವೃತ್ತ ಅಲ್ಲ, 36 ಬಾಹು ಇದೆ ಅಂತ ಪಕ್ಕದವರು ತಕರಾರು ತೆಗೆದರು. ನಾನು ಆ ಜಗಳಕ್ಕೆ ಹೋಗಲಿಲ್ಲ.

ಗಂಟೆ ಹೊಡೆಯುವ ಮುಂಚೆ ಒಬ್ಬಳು ಕೈ ಹಿಡಿದು ಎಳೆದಳು. 72ನ್ನು ಸುಮ್ನೆ ಎರಡರಷ್ಟು ಮಾಡಿ 144 ಹಾಕಿದ್ದಾಳೆ. ಪರದೆ ಮೇಲೆ ಚಂದದ ಐದು ಮೂಲೆಯ ನಕ್ಷತ್ರ.

"ಮಿಸ್, ಐದು ಸಲ 144 ಅಂದ್ರೆ 720 ಆಗುತ್ತೆ. 360 ಅನ್ನೋ ರೂಲ್ ಸುಳ್ಳಾ?"

ನಾನು ಸೀಮೆಸುಣ್ಣ ಕೊಟ್ಟು, ನೆಲದ ಮೇಲೆ ಬರೆದು ನಡೆದು ನೋಡು ಅಂದೆ. ಮುಂದಿನ ತರಗತಿಯವರು ಬಾಗಿಲಲ್ಲಿ ಬಂದು ನಿಂತರೂ ಅವಳು ನಕ್ಷತ್ರದ ಮೇಲೆ ನಡೆಯುತ್ತಲೇ ಇದ್ದಳು. ಕೊನೆಗೆ, "ಎರಡು ಸುತ್ತು ಮಿಸ್! ಎರಡು ಸುತ್ತು ತಿರುಗ್ತೀನಿ!" ಅಂತ ಕೂಗಿಕೊಂಡು ಚಪ್ಪಲಿ ಹುಡುಕಲು ಹೋದಳು.