ನೇಪಲ್ಸ್ ಸೇಫಾ ಅಂತ ಕೇಳುವವರಿಗೆ

ನಾನು ನೇಪಲ್ಸ್‌ನಲ್ಲಿ ಇದ್ದೇನೆ ಅಂತ ಗೊತ್ತಾದ ತಕ್ಷಣ ಬರುವ ಪ್ರಶ್ನೆ ಒಂದೇ. "ಅಲ್ಲಿ ಸೇಫಾ?" ಹೇಗಿದ್ದೀಯ, ಊಟ ಆಯ್ತಾ ಅನ್ನುವುದೆಲ್ಲ ಆಮೇಲೆ. ಇಟಲಿಗೆ ಟಿಕೆಟ್ ಮಾಡಿಸಿದ ಸಂಬಂಧಿಕರು, ಅವರ ಸ್ನೇಹಿತರು, ಸ್ನೇಹಿತರ ಆಫೀಸಿನವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಸೇಫ್. ಜೇಬುಗಳ್ಳರು ಇದ್ದಾರೆ. ಗರಿಬಾಲ್ಡಿ ಸ್ಟೇಷನ್ನಿನ ಸುತ್ತಮುತ್ತ, ಮತ್ತೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು ಪಾಂಪೇಗೆ ಹೋಗುವ ಚಿರ್ಕುಮ್‌ವೆಸುವಿಯಾನಾ ರೈಲಿನಲ್ಲಿ ಹುಷಾರಾಗಿರಿ. ಹಳೇ ರೈಲು ಅದು, ಬೇಸಿಗೆಯಲ್ಲಿ ಕಾಲಿಡಲೂ ಜಾಗ ಇರಲ್ಲ, ಬಾಗಿಲ ಹತ್ತಿರ ನೂಕುನುಗ್ಗಲು, ಪರ್ಸ್ ಹೋಗುವುದು ಅಲ್ಲೇ. ಹಿಂದಿನ ಜೇಬಿನಲ್ಲಿ ಏನೂ ಇಡಬೇಡಿ. ಚಿನ್ನದ ಸರ ಊರಲ್ಲೇ ಬಿಟ್ಟು ಬನ್ನಿ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಎಷ್ಟು ಹುಷಾರಾಗಿರುತ್ತೀರೋ ಅಷ್ಟೇ ಸಾಕು. ಗಲ್ಲಿಗಳಲ್ಲಿ ಸ್ಕೂಟರು ಮೈಮೇಲೇ ಬಂದ ಹಾಗೆ ಬರುತ್ತವೆ, ನೀವು ಒಂದೇ ವೇಗದಲ್ಲಿ ನಡೆಯುತ್ತಿದ್ದರೆ ಪಕ್ಕದಿಂದ ಹೋಗುತ್ತವೆ, ಗಾಬರಿಯಾಗಿ ನಡುವೆ ನಿಂತರೇ ತೊಂದರೆ. ಬೆಂಗಳೂರಿನವರಿಗೆ ಇದನ್ನು ಹೇಳಿಕೊಡಬೇಕಾ?

ನನಗೆ ಸಿಟ್ಟು ಬರುವುದು ಕೇಳುವ ಧಾಟಿಗೆ. "ಅಲ್ಲೆಲ್ಲ ಬರೀ ಮಾಫಿಯಾ ಅಂತೆ, ಕಸ ಅಂತೆ. ಪಾಂಪೇ ನೋಡ್ಕೊಂಡು ಹಂಗೇ ರೋಮ್‌ಗೆ ವಾಪಸ್ ಬಂದ್ರೆ ಆಗಲ್ವಾ?" ಆಗುತ್ತೆ. ಫಾಸ್ಟ್ ರೈಲಿನಲ್ಲಿ ರೋಮ್ ಒಂದು ಗಂಟೆ ಹತ್ತು ನಿಮಿಷದ ದಾರಿ. ಆದರೆ ಪಾಂಪೇಯಲ್ಲಿ ನೀವು ನೋಡುವುದು ಹೆಚ್ಚಾಗಿ ಗೋಡೆ, ಬೀದಿ. ಆ ಮನೆಗಳಲ್ಲಿ ಸಿಕ್ಕ ಒಳ್ಳೊಳ್ಳೆ ಚಿತ್ರ, ಮೊಸಾಯಿಕ್ ಎಲ್ಲ ಹೆಚ್ಚಾಗಿ ಇರುವುದು ನೇಪಲ್ಸ್‌ನ ಆರ್ಕಿಯಾಲಜಿ ಮ್ಯೂಸಿಯಂನಲ್ಲಿ. ಮಂಗಳವಾರ ರಜಾ, ನೆನಪಿರಲಿ.

ಹೋದ ವರ್ಷ ಅತ್ತೆ, ಮಾವ ಬಂದಿದ್ದರು. ಎರಡು ದಿನ. ಮಾವ ಬ್ಯಾಗನ್ನು ಎದೆಗೆ ಅವಚಿಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡೇ ಓಡಾಡಿದರು. ಸ್ಪ್ಯಾನಿಷ್ ಕ್ವಾರ್ಟರ್ಸ್‌ನ ಒಂದು ಗಲ್ಲಿಯಲ್ಲಿ ನಾಲ್ಕನೇ ಮಹಡಿಯಿಂದ ಪ್ಲಾಸ್ಟಿಕ್ ಬುಟ್ಟಿಯೊಂದು ಹಗ್ಗದಲ್ಲಿ ಇಳಿಯಿತು. ಇಲ್ಲಿ ಅದಕ್ಕೆ ಪನಾರೊ ಅನ್ನುತ್ತಾರೆ. ಒಳಗೆ ಚೀಟಿ, ಚೀಟಿಯ ಮೇಲೆ ಹಾರದಿರಲಿ ಅಂತ ಚಿಲ್ಲರೆ. ಅಂಗಡಿ ಹುಡುಗ ಚೀಟಿ ಓದಿದ, ಬ್ರೆಡ್ಡು, ಎರಡು ನಿಂಬೆಹಣ್ಣು ಹಾಕಿ ಹಗ್ಗ ಜಗ್ಗಿದ. ಬುಟ್ಟಿ ತಿರುಗುತ್ತಾ ತಿರುಗುತ್ತಾ ಮೇಲೆ ಹೋಯಿತು. ಮೇಲೆ ಒಬ್ಬ ಅಜ್ಜಿ, ಹಗ್ಗವನ್ನು ಮೊಳ ಮೊಳವಾಗಿ ಎಳೆದುಕೊಳ್ಳುತ್ತಿದ್ದರು. ಅತ್ತೆ ತಲೆ ಎತ್ತಿ ನಿಂತೇಬಿಟ್ಟರು. "ನಮ್ಮ ಮನೆ ಬಾವಿಯಲ್ಲಿ ಅಮ್ಮ ನೀರು ಸೇದ್ತಿದ್ದ ಹಾಗೇ ಇದೆ ನೋಡು" ಅಂದರು. ಅಜ್ಜಿ ಕೆಳಗೆ ನೋಡಿ ಕೈ ಎತ್ತಿದರು. ಅಷ್ಟರಲ್ಲಿ ಮಾವ ಅತ್ತೆಯ ತೋಳು ಹಿಡಿದು ಎಳೆದರು. "ನಿಲ್ಬೇಡ, ಬ್ಯಾಗ್ ನೋಡ್ಕೋ." ಐದು ಗಂಟೆಗೆ ಹೋಟೆಲ್ ಸೇರಿಕೊಂಡೆವು. ಯಾರೂ ಏನೂ ಕದಿಯಲಿಲ್ಲ. ಆ ಸಂಜೆ ಮಾತ್ರ ಹೋಯಿತು. ಅದು ನನಗೆ ಇವತ್ತಿಗೂ ಬೇಜಾರು.

"ಅಲ್ಲಿ ಏನು ತಿನ್ನಬೇಕು, ಎಲ್ಲಿ ಕೂರಬೇಕು" ಅಂತ ಒಬ್ಬರಾದರೂ ಕೇಳಬಾರದಾ? ಗಂಟೆಗಟ್ಟಲೆ ಹೇಳುತ್ತೇನೆ. ಸಸ್ಯಾಹಾರಿಗಳೇ, ಮರಿನಾರಾ ಪಿಜ್ಜಾ ಅಂದರೆ ಮೀನು ಅಂದುಕೊಂಡು ಬಿಡಬೇಡಿ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಅಷ್ಟೇ, ಚೀಸ್ ಕೂಡ ಇಲ್ಲ. ಸೌದೆ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿರುತ್ತೆ, ಸೀದಿದೆ ಅಂತ ವಾಪಸ್ ಕೊಡಬೇಡಿ, ಇರಬೇಕಾದದ್ದೇ ಹಾಗೆ. ನಿಜವಾಗಿ ಹುಷಾರಾಗಿರಬೇಕಾದ್ದು ಬೇಕರಿಯಲ್ಲಿ. ಮೆಣಸು ಹಾಕಿದ "ತರಾಲ್ಲಿ" ಅನ್ನುವ ತಿಂಡಿ ನಮ್ಮ ಕೋಡುಬಳೆಯ ಹಾಗೇ ಕಾಣುತ್ತೆ, ಅದಕ್ಕೆ ಹಂದಿ ಕೊಬ್ಬು ಹಾಕಿರುತ್ತಾರೆ. ಸ್ಫೊಲ್ಯತೆಲ್ಲಾ ಅನ್ನುವ ಪದರು ಪದರಾದ ಸಿಹಿಗೂ ಅಷ್ಟೇ. "ಸ್ತ್ರುತ್ತೊ?" (ಹಂದಿ ಕೊಬ್ಬಾ?) ಅಂತ ಕೇಳಿ, ಹೇಳುತ್ತಾರೆ.

ಕಾಫಿ ಕೌಂಟರಿನಲ್ಲಿ ನಿಂತೇ ಕುಡಿಯಿರಿ, ಜೊತೆಗೆ ನೀರು ಕೊಟ್ಟರೆ ಕಾಫಿಗೆ ಮುಂಚೆ ಕುಡಿಯಬೇಕು. ಆಮೇಲೆ ಇನ್ನೊಂದು ಕಾಫಿಗೂ ದುಡ್ಡು ಕೊಟ್ಟು ಬನ್ನಿ. ಕೈಯಲ್ಲಿ ಕಾಸಿಲ್ಲದ ಯಾರೋ ಬಂದು ಅದನ್ನು ಕುಡಿಯುತ್ತಾರೆ. ಕಫೆ ಸೊಸ್ಪೇಸೊ ಅಂತಾರೆ. ನೀವು ಹೆದರಿಕೊಂಡು ಬರುವ ಊರಿನ ಹಳೇ ಪದ್ಧತಿ ಇದು. ಸಂಜೆಗೆ ಫ್ಯುನಿಕ್ಯುಲಾರ್ ರೈಲಿನಲ್ಲಿ ವೋಮೆರೋ ಗುಡ್ಡಕ್ಕೆ ಹೋಗಿ, ಸ್ಯಾನ್ ಮಾರ್ತಿನೊ ಅನ್ನುವ ಹಳೇ ಮಠದ ಮುಂದೆ ಕೂತು, ಕತ್ತಲಾಗುವ ಮುಂಚೆ ಪೆದಮೆಂತೀನಾ ಮೆಟ್ಟಿಲು ಇಳಿಯಿರಿ. 414 ಮೆಟ್ಟಿಲು. ಎಡಕ್ಕೆ ವೆಸುವಿಯಸ್ ಜ್ವಾಲಾಮುಖಿ, ಎದುರಿಗೆ ಸಮುದ್ರ, ಕಾಲ ಕೆಳಗೆ ಇಡೀ ಊರು, ಯಾರದೋ ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆ ವಾಸನೆ. ಮಂಡಿನೋವಿದ್ದರೆ ಫ್ಯುನಿಕ್ಯುಲಾರ್‌ನಲ್ಲೇ ಇಳಿಯಿರಿ.

ಹೋದ ತಿಂಗಳು ಅತ್ತೆ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ ಕೇಳಿದರು, "ಆ ಅಜ್ಜಿ ಇನ್ನೂ ಬುಟ್ಟಿ ಇಳಿಸ್ತಾರಾ?" ಮಾರನೇ ದಿನವೇ ಹೋಗಿ ನೋಡಿದೆ. ಇಳಿಸುತ್ತಾರೆ. ಹಗ್ಗ ಹೊಸದು, ನೀಲಿ ಬಣ್ಣದ್ದು.